ಪರರಾಷ್ಟ್ರದ ಕ್ಷೋಭೆಯಲ್ಲಿ ಹಸ್ತಕ್ಷೇಪ: ೧೮೮೨ರ ಈಜಿಪ್ತದ ನಿದರ್ಶನ

೧

ಒಂದು ರಾಷ್ಟ್ರದೊಳಗೆ ಕ್ಷೋಭೆಯುಂಟಾದಾಗ ಇನ್ನೊಂದು ರಾಷ್ಟ್ರವು ಅದರಲ್ಲಿ ಕೈಹಾಕಬಹುದೇ ಎಂಬ ಪ್ರಶ್ನೆ ರಾಜನೀತಿಯಷ್ಟೇ ಹಳೆಯದು. ಅದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಪ್ರತಿಯೊಂದು ಜನತೆಯೂ ತನ್ನ ಕಲಹವನ್ನು ತಾನೇ ಬಗೆಹರಿಸಿಕೊಳ್ಳಬೇಕು, ಹೊರಗಿನವರು ತಂದುಕೊಟ್ಟ ಶಾಂತಿ ಬಹುಕಾಲ ನಿಲ್ಲದು ಎಂಬುದು ಒಂದು. ನೆರೆಮನೆಗೆ ಬೆಂಕಿ ಬಿದ್ದಾಗ ಗೋಡೆಯ ಈಚೆ ನಿಂತು ನೋಡುವುದು ಧರ್ಮವಲ್ಲ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ, ಆದುದರಿಂದಲೇ ತತ್ತ್ವದ ಮಟ್ಟದಲ್ಲಿ ಈ ವಾದ ಮುಗಿಯುವುದಿಲ್ಲ. ಇಂಥ ಪ್ರಶ್ನೆಯನ್ನು ಇತಿಹಾಸದ ಮುಂದಿಡುವುದರಿಂದ ಒಂದು ಪ್ರಯೋಜನವುಂಟು. ಇತಿಹಾಸವು 'ಮಾಡಬೇಕೇ, ಮಾಡಬಾರದೇ' ಎಂದು ಕೇಳುವುದಿಲ್ಲ. 'ಯಾರು ಬಂದರು, ಏತಕ್ಕೆ ಬಂದರು, ಎಂದು ಹೊರಟುಹೋದರು' ಎಂದು ಕೇಳುತ್ತದೆ. ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಮೊದಲನೆಯದಕ್ಕೂ ಉತ್ತರ ಸಮೀಪಿಸುತ್ತದೆ.

ಈ ಪರೀಕ್ಷೆಗೆ ೧೮೮೨ರಲ್ಲಿ ಬ್ರಿಟನ್ನು ಈಜಿಪ್ತದಲ್ಲಿ ನಡೆಸಿದ ಹಸ್ತಕ್ಷೇಪಕ್ಕಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ. ಅದನ್ನು ಮಾಡಿದವನು ಸಾಮ್ರಾಜ್ಯದಾಹಿಯಲ್ಲ. ಪರದೇಶಗಳ ವಿಷಯದಲ್ಲಿ ಸಂಯಮವನ್ನು ಬೋಧಿಸಿ ಚುನಾವಣೆ ಗೆದ್ದ ಗ್ಲ್ಯಾಡ್‌ಸ್ಟನ್. ಹೇಳಿದ ಉದ್ದೇಶ ರಾಜ್ಯವನ್ನು ಕಬಳಿಸುವುದಲ್ಲ. ಸುವ್ಯವಸ್ಥೆಯನ್ನು ನೆಲೆಗೊಳಿಸಿ ಹಿಂದಿರುಗುವುದು. ಯುದ್ಧವೂ ದೀರ್ಘವಾಗಲಿಲ್ಲ, ಎರಡೇ ತಿಂಗಳಲ್ಲಿ ಮುಗಿಯಿತು. ಆದರೂ ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ಈಜಿಪ್ತದ ನೆಲವನ್ನು ಬಿಟ್ಟದ್ದು ೧೯೫೬ರ ಜೂನ್ ತಿಂಗಳಲ್ಲಿ. ಸದುದ್ದೇಶದಿಂದ, ಅಲ್ಪಕಾಲಕ್ಕೆಂದು ಒಳಹೊಕ್ಕವರು ಎಪ್ಪತ್ತನಾಲ್ಕು ವರ್ಷ ಏಕೆ ನಿಂತರು ಎಂಬುದೇ ಇಲ್ಲಿ ವಿಚಾರ ಮಾಡತಕ್ಕ ಸಂಗತಿ.

೨

ಈಜಿಪ್ತದ ಕಥೆ ತುಪಾಕಿಯಿಂದ ಆರಂಭವಾಗುವುದಿಲ್ಲ, ಸಾಲಪತ್ರದಿಂದ ಆರಂಭವಾಗುತ್ತದೆ. ಅಮೇರಿಕದ ಅಂತರ್ಯುದ್ಧದಿಂದ (೧೮೬೧-೬೫) ಲ್ಯಾಂಕಾಶಾಯರದ ಗಿರಣಿಗಳಿಗೆ ಹತ್ತಿಯ ಪೂರೈಕೆ ನಿಂತುಹೋಯಿತು. ಜಗತ್ತಿನಲ್ಲಿ ಹತ್ತಿ ಬೆಳೆಯುವ ಇತರ ನಾಡುಗಳಿಗೆಲ್ಲ ಒಮ್ಮೆಲೆ ಸುಗ್ಗಿ ಬಂದಿತು. ಧಾರವಾಡ ಸೀಮೆಯ ರೈತನೂ ಮುಂಬಯಿಯ ದಲಾಲನೂ ಆ ವರ್ಷಗಳಲ್ಲಿ ಕಂಡ ಏರಿಕೆಯನ್ನೇ ನೈಲ್ ನದಿಯ ಮುಖಜಭೂಮಿಯೂ ಕಂಡಿತು. ೧೮೬೫ರಲ್ಲಿ ಯುದ್ಧ ನಿಂತಿತು, ಬೆಲೆ ಕುಸಿಯಿತು. ಮುಂಬಯಿಯಲ್ಲಿ ದೊಡ್ಡ ದೊಡ್ಡ ವ್ಯಾಪಾರಿ ಮನೆತನಗಳು ಮುರಿದುಬಿದ್ದವು. ಹಳೆಯ ಬ್ಯಾಂಕ್ ಆಫ್ ಬಾಂಬೆ ಕೂಡ ಉಳಿಯಲಿಲ್ಲ. ಈಜಿಪ್ತದಲ್ಲಿ ಮುರಿಯತೊಡಗಿದ್ದು ವ್ಯಾಪಾರಿಯ ಮನೆಯಲ್ಲ, ರಾಜ್ಯದ ಬೊಕ್ಕಸ.

೧೮೬೩ರಲ್ಲಿ ಪಟ್ಟಕ್ಕೆ ಬಂದ ಖದೀವ ಇಸ್ಮಾಯಿಲನು ರೈಲುಮಾರ್ಗ, ಕಾಲುವೆ, ಬಂದರು, ಶಾಲೆ, ಅರಮನೆ ಎಲ್ಲವನ್ನೂ ಒಟ್ಟಿಗೆ ಕಟ್ಟಲು ಹೊರಟನು. ತನ್ನ ದೇಶವನ್ನು ಯುರೋಪಿನ ಒಂದು ಭಾಗವನ್ನಾಗಿ ಮಾಡಬೇಕೆಂಬುದು ಅವನ ಹಂಬಲ. ಅವನು ಅಧಿಕಾರಕ್ಕೆ ಬಂದಾಗ ಸುಮಾರು ೩೦ ಲಕ್ಷ ಪೌಂಡುಗಳಷ್ಟಿದ್ದ ಸಾಲವು ೧೮೭೬ರ ವೇಳೆಗೆ ೯ ಕೋಟಿ ಪೌಂಡುಗಳನ್ನು ಮೀರಿತು. ಈ ಅಂಕಿಯನ್ನು ನೋಡಿ ಅರಸನ ದುಂದುಗಾರಿಕೆಯನ್ನು ಮಾತ್ರ ಹಳಿಯುವುದು ವಾಡಿಕೆ. ಆದರೆ ಸಾಲದ ಲೆಕ್ಕಕ್ಕೆ ಇನ್ನೊಂದು ಮಗ್ಗುಲುಂಟು. ೧೮೭೩ರ ದೊಡ್ಡ ಸಾಲದ ಮುಖಬೆಲೆ ೩ ಕೋಟಿ ೨೦ ಲಕ್ಷ ಪೌಂಡು; ವಟಾವು, ದಲಾಲಿ ಮುಂತಾದವುಗಳು ಕಳೆದು ಈಜಿಪ್ತಕ್ಕೆ ತಲುಪಿದ್ದು ಸುಮಾರು ೨ ಕೋಟಿ. ಕೈಗೆ ಬಾರದ ಹಣಕ್ಕೂ ಬಡ್ಡಿ ತೆರಬೇಕಾಗಿತ್ತು. ಆ ಬಡ್ಡಿಯನ್ನು ತೆತ್ತವನು ಸಾಲಪತ್ರಕ್ಕೆ ಸಹಿ ಹಾಕಿದ ಖದೀವನಲ್ಲ, ನೈಲಿನ ದಂಡೆಯ 'ಫಲ್ಲಾಹ', ಎಂದರೆ ಬಡ ಒಕ್ಕಲಿಗ.

೧೮೭೫ರ ನವೆಂಬರಿನಲ್ಲಿ ಇಸ್ಮಾಯಿಲನು ಸುಯೆಜ್ ಕಾಲುವೆಯ ಕಂಪನಿಯಲ್ಲಿದ್ದ ತನ್ನ ೧,೭೬,೬೦೨ ಷೇರುಗಳನ್ನು ಮಾರಲು ಹೊರಟನು. ಡಿಸ್ರೇಲಿಯು ರಾತ್‌ಶೀಲ್ಡ್ ಮನೆತನದಿಂದ ಸಾಲವೆತ್ತಿ ಸುಮಾರು ೪೦ ಲಕ್ಷ ಪೌಂಡುಗಳಿಗೆ ಅವುಗಳನ್ನು ಬ್ರಿಟಿಷ್ ಸರಕಾರದ ಪರವಾಗಿ ಕೊಂಡನು. ಭಾರತಕ್ಕೆ ಹೋಗುವ ಹೆದ್ದಾರಿಯಲ್ಲಿ ಬ್ರಿಟನ್ನಿಗೆ ಹೀಗೆ ಪಾಲು ದೊರೆಯಿತು. ಆ ಹಣವೂ ಖದೀವನನ್ನು ಉಳಿಸಲಿಲ್ಲ. ೧೮೭೬ರ ಏಪ್ರಿಲಿನಲ್ಲಿ ಈಜಿಪ್ತವು ಪಾವತಿಯನ್ನು ನಿಲ್ಲಿಸಿತು. ಮರುತಿಂಗಳೇ ಸಾಲಕೊಟ್ಟವರ ಪರವಾಗಿ ಆದಾಯವನ್ನು ನೇರವಾಗಿ ವಸೂಲು ಮಾಡಿಕೊಳ್ಳುವ ಅಂತರರಾಷ್ಟ್ರೀಯ ಋಣನಿಧಿಯೊಂದು ಕೈರೋ ನಗರದಲ್ಲಿ ನೆಲೆಯೂರಿತು. ಆದಾಯಕ್ಕೆ ಒಬ್ಬ ಇಂಗ್ಲಿಷ್ ನಿಯಂತ್ರಕ, ವೆಚ್ಚಕ್ಕೆ ಒಬ್ಬ ಫ್ರೆಂಚ್ ನಿಯಂತ್ರಕ ಬಂದರು. ೧೮೭೮ರಲ್ಲಿ ಮಂತ್ರಿಮಂಡಲದಲ್ಲಿಯೇ ಒಬ್ಬ ಇಂಗ್ಲಿಷರವನು ಹಣಕಾಸನ್ನೂ ಒಬ್ಬ ಫ್ರೆಂಚನು ಲೋಕೋಪಯೋಗಿ ಖಾತೆಯನ್ನೂ ಹಿಡಿದು ಕುಳಿತರು. ಇಸ್ಮಾಯಿಲನು ಅವರನ್ನು ತೆಗೆದುಹಾಕಲು ಹವಣಿಸಿದಾಗ, ೧೮೭೯ರ ಜೂನಿನಲ್ಲಿ ಯುರೋಪಿನ ರಾಷ್ಟ್ರಗಳು ತುರ್ಕಿಯ ಸುಲ್ತಾನನ ಮೇಲೆ ಒತ್ತಡ ತಂದು ಅವನನ್ನೇ ಪಟ್ಟದಿಂದಿಳಿಸಿ ಮಗನಾದ ತೌಫೀಕನನ್ನು ಕುಳ್ಳಿರಿಸಿದವು.

ಇಲ್ಲಿ ಒಂದು ಕಾಲಕ್ರಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ೧೮೭೯ರಲ್ಲಿ ಈಜಿಪ್ತದಲ್ಲಿ ರಾಷ್ಟ್ರೀಯ ದಂಗೆಯೆಂಬುದು ಇನ್ನೂ ಹುಟ್ಟಿರಲಿಲ್ಲ. ಹಸ್ತಕ್ಷೇಪ ಆಗಲೇ ಆರಂಭವಾಗಿತ್ತು. ಕ್ಷೋಭೆಯನ್ನು ಶಮನಗೊಳಿಸಲು ಹೊರಗಿನವರು ಬಂದರೆಂಬ ಸಾಮಾನ್ಯ ಕಥನದಲ್ಲಿ ಈ ಮೂರು ವರ್ಷಗಳು ಮರೆಯಾಗುತ್ತವೆ.

೩

೧೮೮೦ರ ಜುಲೈ ತಿಂಗಳ ಋಣಪರಿಹಾರ ಕಾನೂನು ಈಜಿಪ್ತದ ಆದಾಯವನ್ನು ಎರಡು ಪಾಲು ಮಾಡಿತು: ಹೆಚ್ಚುಕಡಿಮೆ ಅರ್ಧ ಸಾಲಕ್ಕೆ, ಉಳಿದದ್ದು ರಾಜ್ಯದ ಆಡಳಿತಕ್ಕೆ. ಆಡಳಿತದ ಪಾಲನ್ನು ಹಿಗ್ಗಿಸುವಂತಿರಲಿಲ್ಲವಾದ್ದರಿಂದ ಮಿತವ್ಯಯದ ಕತ್ತರಿ ಮೊದಲು ಬಿದ್ದದ್ದು ಸೈನ್ಯದ ಮೇಲೆ. ಆ ಸೈನ್ಯದಲ್ಲಿ ಮೇಲಿನ ಹುದ್ದೆಗಳೆಲ್ಲ ತುರ್ಕಿ ಮತ್ತು ಸರ್ಕೇಶಿಯನ್ ವಂಶದವರ ಸೊತ್ತು. ಕೆಳಗಿನ ಹುದ್ದೆಗಳಲ್ಲಿದ್ದ ದೇಶೀಯ ಅಧಿಕಾರಿಗಳಿಗೆ ಬಡತಿಯೂ ಇಲ್ಲ, ಮನ್ನಣೆಯೂ ಇಲ್ಲ. ಇಂಥವರ ನಾಯಕನಾಗಿ ಹೊರಬಂದವನು ಕರ್ನಲ್ ಅಹ್ಮದ್ ಉರಾಬಿ. ೧೮೪೧ರಲ್ಲಿ ಹಳ್ಳಿಯೊಂದರ ಮನೆಯಲ್ಲಿ ಹುಟ್ಟಿ ಸೈನ್ಯದಲ್ಲಿ ಮೇಲೇರಿದ ಈತನ ಮಾತು ಫಲ್ಲಾಹರಿಗೆ ತಮ್ಮದೇ ಮಾತಾಗಿ ಕೇಳಿಸಿತು.

೧೮೮೧ರ ಸಪ್ಟಂಬರ್ ೯ರಂದು ಉರಾಬಿಯು ತನ್ನ ದಂಡಿನೊಡನೆ ಕೈರೋದ ಅಬ್ದೀನ್ ಅರಮನೆಯ ಮುಂದೆ ನಿಂತು ಖದೀವನಿಗೆ ಮೂರು ಬೇಡಿಕೆಗಳನ್ನೊಪ್ಪಿಸಿದನು: ಮಂತ್ರಿಮಂಡಲವನ್ನು ಬದಲಿಸಬೇಕು, ಪ್ರತಿನಿಧಿಸಭೆಯನ್ನು ಕರೆಯಬೇಕು, ಸೈನ್ಯದ ಸಂಖ್ಯೆಯನ್ನು ೧೮,೦೦೦ಕ್ಕೆ ಏರಿಸಬೇಕು. ತೌಫೀಕನು ಒಪ್ಪಿಕೊಂಡನು. ದಂಡಿನವರು ಅರಸನ ಬಾಗಿಲಿಗೆ ತೋಪುಗಳನ್ನು ತಂದು ನಿಲ್ಲಿಸಿ ಬೇಡಿಕೆ ಸಲ್ಲಿಸಿದ್ದು ಸಂವಿಧಾನದ ಮಾರ್ಗವೆಂದು ಯಾರೂ ಹೇಳಲಾರರು. ಉರಾಬಿಯ ಪಕ್ಷಪಾತಿಗಳು ಈ ಅಂಶವನ್ನು ಹಗುರಗೊಳಿಸುವುದು ಸರಿಯಲ್ಲ. ಆದರೆ ಮುಂದಿನ ನಡೆಯನ್ನೂ ನೋಡಬೇಕು. ೧೮೮೧ರ ಡಿಸೆಂಬರಿನಲ್ಲಿ ಕೂಡಿದ ಪ್ರತಿನಿಧಿಸಭೆಯಲ್ಲಿ ಇದ್ದವರು ಸಿಪಾಯಿಗಳಲ್ಲ. ಜಮೀನುದಾರರು, ಹಳ್ಳಿಯ ಮುಖ್ಯಸ್ಥರು, ವರ್ತಕರು. ಅವರು ಸಾಲವನ್ನು ನಿರಾಕರಿಸಲಿಲ್ಲ. ಸಾಲಕ್ಕೆ ಮೀಸಲಾದ ಆದಾಯವನ್ನು ಮುಟ್ಟುವುದಿಲ್ಲವೆಂದು ಒಪ್ಪಿ, ಉಳಿದ ಪಾಲಿನ ಆಯವ್ಯಯದ ಮೇಲೆ ಮತ ಕೊಡುವ ಹಕ್ಕನ್ನು ಮಾತ್ರ ಕೇಳಿದರು. ತಮ್ಮ ತೆರಿಗೆಯ ಅರ್ಧವನ್ನು ಹೇಗೆ ವೆಚ್ಚ ಮಾಡಬೇಕೆಂದು ತಾವು ಹೇಳಬಹುದೇ ಎಂಬುದಷ್ಟೇ ಅವರ ಪ್ರಶ್ನೆ. ಇಂಗ್ಲಂಡಿನ ಪಾರ್ಲಿಮೆಂಟು ತನ್ನ ಇತಿಹಾಸವನ್ನೆಲ್ಲ ಯಾವ ಹಕ್ಕಿನ ಮೇಲೆ ಕಟ್ಟಿಕೊಂಡಿತೋ ಆ ಹಕ್ಕೇ ಇದು. ನಿಯಂತ್ರಕರ ದೃಷ್ಟಿಯಲ್ಲಿ ಅದೇ ಅರಾಜಕತೆಯಾಗಿ ಕಂಡಿತು.

ಈ ಹಂತದಲ್ಲಿ ಬಂದದ್ದು ೧೮೮೨ರ ಜನವರಿ ೮ರ ಜಂಟಿ ಪತ್ರ. ಫ್ರಾನ್ಸಿನ ಪ್ರಧಾನಿ ಗ್ಯಾಂಬೆಟ್ಟಾನ ಒತ್ತಾಯದಿಂದ ಹುಟ್ಟಿದ ಈ ಪತ್ರದಲ್ಲಿ ಬ್ರಿಟನ್ನೂ ಫ್ರಾನ್ಸೂ ಖದೀವನ ಬೆನ್ನಿಗೆ ತಾವಿರುವುದಾಗಿ ಸಾರಿದವು. ಖದೀವನಿಗೆ ಧೈರ್ಯ ಬರಲೆಂದು, ವಿರೋಧಿಗಳು ಅಂಜಲೆಂದು ಬರೆದ ಪತ್ರ ಅದು. ಪರಿಣಾಮ ಅದಕ್ಕೆ ತೀರ ವಿಪರೀತವಾಯಿತು. ಅದುವರೆಗೆ ಸೈನಿಕರ ಬಗ್ಗೆ ಸಂಶಯದಿಂದಿದ್ದ ಸಭೆಯ ಹಿರಿಯರು, ಪರದೇಶದವರ ಬೆದರಿಕೆಯನ್ನು ಕಂಡು ಉರಾಬಿಯ ಪಕ್ಷಕ್ಕೆ ಬಂದರು. ಫೆಬ್ರವರಿಯಲ್ಲಿ ಕವಿಯೂ ಸೈನಿಕನೂ ಆಗಿದ್ದ ಮಹಮೂದ್ ಸಾಮಿ ಅಲ್ ಬಾರೂದಿ ಪ್ರಧಾನಿಯಾದನು, ಉರಾಬಿ ಯುದ್ಧಮಂತ್ರಿಯಾದನು. ಖದೀವನಾದರೋ ಪರದೇಶದವರ ಆಸರೆಯಿಂದ ನಿಂತ ಅರಸನೆಂಬ ಅಪಖ್ಯಾತಿಗೆ ಗುರಿಯಾದನು. ಹೊರಗಿನ ಬೆಂಬಲವು ಬಲಪಡಿಸಬೇಕೆಂದಿದ್ದವನನ್ನೇ ದುರ್ಬಲಗೊಳಿಸಿತು.

೪

ಬ್ರಿಟನ್ ಮತ್ತು ಫ್ರಾನ್ಸುಗಳ ಜೊತೆಗಾರಿಕೆಯಾದರೂ ಗಟ್ಟಿಯಾಗಿತ್ತೇ ಎಂದರೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯೇ ನೆನಪಾಗುತ್ತದೆ. ಜನವರಿ ಮುಗಿಯುವುದರೊಳಗೆ ಗ್ಯಾಂಬೆಟ್ಟಾನ ಮಂತ್ರಿಮಂಡಲ ಬಿದ್ದಿತು. ಮುಂದೆ ಬಂದ ಫ್ರೇಸಿನೆ ಯುದ್ಧಕ್ಕೆ ಹಿಂಜರಿಯುವವನು. ಆದರೂ ಮೇ ತಿಂಗಳಲ್ಲಿ ಎರಡೂ ರಾಷ್ಟ್ರಗಳ ನೌಕೆಗಳು ಅಲೆಗ್ಸಾಂಡ್ರಿಯಾ ಬಂದರಿಗೆ ಬಂದು ನಿಂತವು. ನೌಕೆಗಳನ್ನು ಕಂಡು ಊರು ಶಾಂತವಾಗಲಿಲ್ಲ, ಕುದಿಯತೊಡಗಿತು. ಜೂನ್ ೧೧ರಂದು ಬೀದಿಯಲ್ಲಿ ಹುಟ್ಟಿದ ಜಗಳವೊಂದು ದೊಂಬಿಯಾಗಿ ಬೆಳೆದು ಹತ್ತಾರು ಜನ ಯುರೋಪಿಯನರೂ ಅನೇಕ ಈಜಿಪ್ತಿಯರೂ ಸತ್ತರು. ಲಂಡನ್ನಿನಲ್ಲಿ ಇದು ಉರಾಬಿಯ ಅರಾಜಕತೆಗೆ ಸಾಕ್ಷಿಯೆಂದು ಪರಿಗಣಿತವಾಯಿತು.

ಉರಾಬಿಯ ಸೈನಿಕರು ಬಂದರಿನ ಕೋಟೆಗಳನ್ನು ದುರಸ್ತಿ ಮಾಡತೊಡಗಿದರು. ತಾನಾಗಿ ಬಂದು ಬಂದರಿನ ಮುಂದೆ ನಿಂತಿದ್ದ ನೌಕಾಬಲದ ಅಧಿಪತಿ ಸೀಮೋರನು, ಆ ಕೋಟೆಗಳಿಂದ ತನ್ನ ಹಡಗುಗಳಿಗೆ ಅಪಾಯವಿದೆಯೆಂದು ಅಂತಿಮ ಸೂಚನೆ ಕೊಟ್ಟನು. ಫ್ರೆಂಚ್ ನೌಕೆಗಳು ಹೊರಟುಹೋದವು. ಜುಲೈ ೧೧ರಂದು ಬೆಳಗಿನಿಂದ ಸಂಜೆಯವರೆಗೆ ಬ್ರಿಟಿಷ್ ತೋಪುಗಳು ಕೋಟೆಗಳ ಮೇಲೆ ಗುಂಡು ಸುರಿಸಿದವು. ಅದರ ಬೆನ್ನಲ್ಲೇ ಊರಿನ ದೊಡ್ಡ ಭಾಗ ಬೆಂಕಿಗೆ ಆಹುತಿಯಾಯಿತು.

ಈ ಆಜ್ಞೆಯ ಹಿಂದಿದ್ದ ಮಂತ್ರಿಮಂಡಲದ ಮುಖ್ಯಸ್ಥನು ಐದು ವರ್ಷಗಳ ಹಿಂದೆ, ೧೮೭೭ರಲ್ಲಿ, ಒಂದು ಲೇಖನವನ್ನು ಬರೆದಿದ್ದನು. ಈಜಿಪ್ತದಲ್ಲಿ ಬ್ರಿಟನ್ನು ಒಮ್ಮೆ ಕಾಲೂರಿದರೆ ಅದೇ ಉತ್ತರ ಆಫ್ರಿಕದ ಸಾಮ್ರಾಜ್ಯವೊಂದಕ್ಕೆ ಬೀಜವಾಗುವುದೆಂದು ಅದರಲ್ಲಿ ಎಚ್ಚರಿಸಿದ್ದನು. ೧೮೭೯-೮೦ರ ಮಿಡ್ಲೋಥಿಯನ್ ಪ್ರಚಾರದಲ್ಲಿ ಡಿಸ್ರೇಲಿಯ ಪರದೇಶನೀತಿಯನ್ನು ಖಂಡಿಸಿ ಜನರ ಮನ್ನಣೆ ಪಡೆದವನೂ ಅವನೇ. ಅವನ ದಿನಚರಿಯನ್ನೂ ಲೆಕ್ಕಪತ್ರಗಳನ್ನೂ ಪರಿಶೀಲಿಸಿದ ಇತಿಹಾಸಕಾರರು ಇನ್ನೊಂದು ಸಂಗತಿಯನ್ನು ಹೊರಗೆಡಹಿದ್ದಾರೆ: ಆಗ ಗ್ಲ್ಯಾಡ್‌ಸ್ಟನ್ನನ ಸ್ವಂತ ಬಂಡವಾಳದಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಹಣ, ಈಜಿಪ್ತವು ಸುಲ್ತಾನನಿಗೆ ತೆರುವ ಕಪ್ಪದ ಆಧಾರದ ಮೇಲೆ ಎತ್ತಿದ ಸಾಲದ ಪತ್ರಗಳಲ್ಲಿತ್ತು. ಇದರಿಂದ ಅವನು ತನ್ನ ಲಾಭಕ್ಕಾಗಿ ಯುದ್ಧ ಹೂಡಿದನೆಂದು ತೀರ್ಮಾನಿಸುವುದು ಅನ್ಯಾಯವಾದೀತು, ಅದಕ್ಕೆ ಪ್ರಮಾಣವಿಲ್ಲ. ಆದರೆ ಸಾಲಕೊಟ್ಟವನ ದೃಷ್ಟಿ ಆ ಕಾಲದ ಇಂಗ್ಲಂಡಿನ ಗಣ್ಯವರ್ಗದಲ್ಲಿ ಎಷ್ಟು ಸಹಜವಾಗಿ ಬೇರೂರಿತ್ತೆಂಬುದಕ್ಕೆ ಅದು ಸಾಕ್ಷಿ. ಸಾಲದ ಭದ್ರತೆಯನ್ನೇ ನಾಗರಿಕತೆಯ ಭದ್ರತೆಯೆಂದು ತಿಳಿಯುವುದಕ್ಕೆ ಕಪಟ ಬೇಕಾಗಿಲ್ಲ, ಅಭ್ಯಾಸ ಸಾಕು.

ಆ ಮಂತ್ರಿಮಂಡಲದಲ್ಲಿ ಒಬ್ಬನು ಮಾತ್ರ ಈ ಅಭ್ಯಾಸಕ್ಕೆ ವಶನಾಗಲಿಲ್ಲ. ವೃದ್ಧನಾದ ಜಾನ್ ಬ್ರೈಟನು ಗುಂಡು ಹಾರಿದ ಕೆಲವೇ ದಿನಗಳಲ್ಲಿ ರಾಜೀನಾಮೆಯಿತ್ತು ಹೊರನಡೆದನು. ವ್ಯಕ್ತಿಗಳಿಗೆ ಒಂದು ನೀತಿ, ರಾಷ್ಟ್ರಗಳಿಗೆ ಇನ್ನೊಂದು ನೀತಿ ಇರಲಾಗದೆಂಬುದು ಅವನ ನಿಲುವು. ಅತ್ತ ಪ್ಯಾರಿಸಿನಲ್ಲಿ ಕಾಲುವೆಯ ರಕ್ಷಣೆಗಾಗಿ ಫ್ರೇಸಿನೆ ಕೇಳಿದ ಹಣವನ್ನು ಜುಲೈ ೨೯ರಂದು ಫ್ರೆಂಚ್ ಸಭೆಯು ಬಹುಮತದಿಂದ ತಿರಸ್ಕರಿಸಿತು. ಬ್ರಿಟನ್ನು ಒಂಟಿಯಾಗಿ ಮುಂದುವರಿಯಿತು. ಸಪ್ಟಂಬರ್ ೧೩ರ ನಸುಕಿನಲ್ಲಿ ವುಲ್ಸ್‌ಲಿಯ ಸೈನ್ಯ ತೆಲ್-ಎಲ್-ಕಬೀರಿನ ಮಣ್ಣುಕೋಟೆಗಳ ಮೇಲೆ ಬಿದ್ದು ಒಂದು ಗಂಟೆಯೊಳಗೆ ಉರಾಬಿಯ ದಂಡನ್ನು ಚದುರಿಸಿತು. ಮರುದಿನ ಕೈರೋ ವಶವಾಯಿತು.

ಆ ಸೈನ್ಯದಲ್ಲಿ ಭಾರತದಿಂದ ಹೋದ ಸುಮಾರು ೭,೦೦೦ ಜನರ ದಳವೊಂದಿತ್ತು. ಬೆಂಗಳೂರನ್ನು ನೆಲೆಯಾಗಿ ಉಳ್ಳ ಮದರಾಸು ಸ್ಯಾಪರ್ಸ್ ಪಡೆಯ ಸೈನಿಕರೂ ಅದರಲ್ಲಿದ್ದರು. ಅಲಸೂರಿನ ಕೆರೆಯ ಬಳಿಯ ಆ ದಂಡಿನ ಸಮರಗೌರವಗಳ ಪಟ್ಟಿಯಲ್ಲಿ ತೆಲ್-ಎಲ್-ಕಬೀರಿನ ಹೆಸರು ಸೇರಿದೆ. ಭಾರತಕ್ಕೆ ಆ ಯುದ್ಧದಲ್ಲಿ ಯಾವ ಸಂಬಂಧವೂ ಇರಲಿಲ್ಲ. ಆದರೂ ದಳದ ವೆಚ್ಚವನ್ನು ಭಾರತವೇ ಹೊರಬೇಕೆಂದು ಲಂಡನ್ ನಿರ್ಧರಿಸಿದಾಗ ಲಾರ್ಡ್ ರಿಪನ್ನನ ಸರಕಾರ ಕೂಡ ಆಕ್ಷೇಪಿಸಿತು. ಕೊನೆಗೆ ಬ್ರಿಟನ್ನು ೫ ಲಕ್ಷ ಪೌಂಡುಗಳನ್ನು ಕೊಟ್ಟು ಉಳಿದುದನ್ನು ಭಾರತದ ಬೊಕ್ಕಸಕ್ಕೇ ಬಿಟ್ಟಿತು. ಈಜಿಪ್ತದ ರೈತನ ಸಾಲವನ್ನು ವಸೂಲು ಮಾಡುವ ಖರ್ಚಿನಲ್ಲಿ ಭಾರತದ ರೈತನೂ ಪಾಲುಗಾರನಾದನು.

೫

ಇಷ್ಟರಿಂದಲೇ ತೀರ್ಪು ಕೊಟ್ಟರೆ ಪ್ರತಿವಾದಿಯ ಮಾತನ್ನು ಕೇಳದೆ ವ್ಯಾಜ್ಯ ಮುಗಿಸಿದಂತಾಗುವುದು. ಬ್ರಿಟಿಷ್ ಆಕ್ರಮಣದ ಸಮರ್ಥಕರಿಗೆ ಹೇಳಲು ಬಹಳವಿತ್ತು, ಅದೆಲ್ಲ ಸುಳ್ಳಲ್ಲ. ಹತ್ತು ವರ್ಷಗಳೊಳಗೆ ದಿವಾಳಿಯ ರಾಜ್ಯದ ಆಯವ್ಯಯ ಸರಿದೂಗಿತು. ಭಾರತದ ನೀರಾವರಿ ಇಲಾಖೆಯಲ್ಲಿ ಪಳಗಿದ ಸ್ಕಾಟ್ ಮಾಂಕ್ರೀಫ್, ವಿಲ್ಕಾಕ್ಸ್ ಮುಂತಾದ ಎಂಜಿನಿಯರರು ಕೈರೋದ ಕೆಳಗಿನ ಹಳೆಯ ಅಣೆಕಟ್ಟನ್ನು ಸರಿಪಡಿಸಿ ನೈಲಿನ ನೀರನ್ನು ಹೊಲಗಳಿಗೆ ಹರಿಸಿದರು. ೧೯೦೨ರಲ್ಲಿ ಆಸ್ವಾನಿನ ಮೊದಲ ಅಣೆಕಟ್ಟು ಮುಗಿಯಿತು. ರೈತನ ಬೆನ್ನಿನ ಮೇಲೆ ಬೀಳುತ್ತಿದ್ದ ಚಾವಟಿಯ ಶಿಕ್ಷೆ ನಿಷಿದ್ಧವಾಯಿತು; ಬಿಟ್ಟಿದುಡಿತ ಬಹುಮಟ್ಟಿಗೆ ನಿಂತಿತು. ಹಳೆಯ ಆಳ್ವಿಕೆಯಲ್ಲಿ ಇವು ಆಗುತ್ತಿದ್ದವೇ ಎಂಬ ಪ್ರಶ್ನೆಗೆ ಖಚಿತವಾಗಿ ಹೌದೆನ್ನಲಾಗದು.

ಆದರೆ ಹಸ್ತಕ್ಷೇಪಕ್ಕೆ ಕೊಟ್ಟ ಕಾರಣ ಕಾಲುವೆ ತೋಡುವುದಲ್ಲ. ಈಜಿಪ್ತವು ತನ್ನನ್ನು ತಾನು ಆಳಿಕೊಳ್ಳಬಲ್ಲ ಸ್ಥಿತಿಗೆ ತಂದು ಹಿಂದಿರುಗುವುದು. ೧೮೮೩ರ ಜನವರಿಯಲ್ಲಿಯೇ ವಿದೇಶಮಂತ್ರಿ ಗ್ರ್ಯಾನ್‌ವಿಲ್ಲನು ಇತರ ರಾಷ್ಟ್ರಗಳಿಗೆ ಕಳುಹಿಸಿದ ಸುತ್ತೋಲೆಯಲ್ಲಿ ಈ ಮಾತನ್ನು ಬರೆದುಕೊಟ್ಟಿದ್ದನು. ಮುಂದಿನ ವರ್ಷಗಳಲ್ಲಿ ಬ್ರಿಟಿಷ್ ಮಂತ್ರಿಗಳು ಅದೇ ಆಶ್ವಾಸನವನ್ನು ಹತ್ತಾರು ಬಾರಿ ಪುನರುಚ್ಚರಿಸಿದರು. ೧೮೮೭ರಲ್ಲಿ ಮೂರು ವರ್ಷಗಳ ಗಡುವಿನ ಒಪ್ಪಂದವೊಂದು ಸಿದ್ಧವೂ ಆಯಿತು. ಮತ್ತೆ ಕ್ಷೋಭೆಯುಂಟಾದರೆ ಪುನಃ ಬರುವ ಹಕ್ಕು ಬ್ರಿಟನ್ನಿಗಿರಬೇಕೆಂಬ ಷರತ್ತು ಅದರಲ್ಲಿತ್ತು. ಫ್ರಾನ್ಸ್ ಮತ್ತು ರಷ್ಯಗಳ ಒತ್ತಡದಿಂದ ಸುಲ್ತಾನನು ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಒಪ್ಪಂದ ಬಿದ್ದುಹೋಯಿತು, ಸೈನ್ಯ ಉಳಿಯಿತು.

ಉಳಿದವರ ಪರವಾಗಿ ಈಜಿಪ್ತವನ್ನು ೧೮೮೩ರಿಂದ ೧೯೦೭ರವರೆಗೆ ಆಳಿದವನು ಎವೆಲಿನ್ ಬೇರಿಂಗ್, ಮುಂದೆ ಲಾರ್ಡ್ ಕ್ರೋಮರ್ ಎಂದು ಪ್ರಸಿದ್ಧನಾದವನು. ಈತನ ವೃತ್ತಿಜೀವನದ ಕ್ರಮವೇ ಈ ಪ್ರಕರಣದ ಸಾರಾಂಶ. ೧೮೭೭ರಲ್ಲಿ ಅವನು ಕೈರೋಗೆ ಬಂದದ್ದು ಋಣನಿಧಿಯ ಸದಸ್ಯನಾಗಿ, ಸಾಲಕೊಟ್ಟವರ ಪ್ರತಿನಿಧಿಯಾಗಿ; ೧೮೭೯ರಲ್ಲಿ ನಿಯಂತ್ರಕನಾದನು; ಅನಂತರ ಭಾರತದಲ್ಲಿ ವೈಸರಾಯನ ಮಂಡಲಿಯ ಹಣಕಾಸಿನ ಸದಸ್ಯನಾಗಿದ್ದು, ಕೊನೆಗೆ ಕಾನ್ಸಲ್ ಜನರಲ್ ಎಂಬ ಸಾಧಾರಣ ಹೆಸರಿನಲ್ಲಿ ಈಜಿಪ್ತದ ನಿಜವಾದ ಒಡೆಯನಾದನು. ದಕ್ಷನೂ ಪ್ರಾಮಾಣಿಕನೂ ಹೌದು. ಆದರೆ ಈಜಿಪ್ತದವರು ಆಳಲು ಕಲಿಯುವವರೆಗೆ ತಾನು ಇರಬೇಕೆಂದು ಹೇಳುತ್ತಲೇ, ಅವರು ಕಲಿಯುವ ಶಾಲೆಗಳಿಗೆ ಆಯವ್ಯಯದಲ್ಲಿ ಅತ್ಯಲ್ಪ ಭಾಗವನ್ನು ಮಾತ್ರ ಮೀಸಲಿಟ್ಟವನೂ ಅವನೇ. ಆಳುವ ಯೋಗ್ಯತೆ ಆಳುವುದರಿಂದ ಬರುತ್ತದೆ. ಅದಕ್ಕೆ ಅವಕಾಶ ಕೊಡದೆ ಯೋಗ್ಯತೆಯನ್ನು ಕಾಯುತ್ತ ಕುಳಿತವನು ಹೊರಡುವ ದಿನವನ್ನು ಎಂದಿಗೂ ಕಾಣಲಾರನು. ೧೯೦೬ರಲ್ಲಿ ದಿನ್‌ಶಾವಾಯಿ ಎಂಬ ಹಳ್ಳಿಯಲ್ಲಿ ಪಾರಿವಾಳಗಳ ಬೇಟೆಯ ಜಗಳವೊಂದರಿಂದ ಹುಟ್ಟಿದ ಮೊಕದ್ದಮೆಯಲ್ಲಿ ನಾಲ್ವರು ಗ್ರಾಮಸ್ಥರನ್ನು ಗಲ್ಲಿಗೇರಿಸಿದಾಗ, ಇಪ್ಪತ್ತನಾಲ್ಕು ವರ್ಷಗಳ ಸುವ್ಯವಸ್ಥೆ ಜನರ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದು ಬಯಲಾಯಿತು.

ಕನ್ನಡಿಗರಿಗೆ ಈ ಮಾದರಿ ಅಪರಿಚಿತವಲ್ಲ. ೧೮೩೦-೩೧ರ ನಗರದ ದಂಗೆಯನ್ನು ಮುಂದಿಟ್ಟುಕೊಂಡು ಗವರ್ನರ್ ಜನರಲ್ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ೧೮೩೧ರಲ್ಲಿ ಕಿತ್ತುಕೊಂಡನು. ಅದಕ್ಕೆ ತೋರಿಸಿದ ಆಧಾರ, ಕಂಪನಿಗೆ ಸಲ್ಲಬೇಕಾದ ಪೊಗದಿಗೆ ಧಕ್ಕೆ ಬರುವ ಸಂಭವವಿದ್ದರೆ ಕೈಹಾಕಬಹುದೆಂಬ ೧೭೯೯ರ ಕೌಲಿನ ಷರತ್ತು. ಪೊಗದಿ ಬಾಕಿ ಬಿದ್ದಿರಲಿಲ್ಲವೆಂಬುದನ್ನು ಅರಸರ ಪರವಾಗಿ ವಾದಿಸಿದವರು ಮುಂದೆ ಪದೇ ಪದೇ ಎತ್ತಿ ತೋರಿಸಿದರು. ತಾತ್ಕಾಲಿಕವೆಂದು ಆರಂಭವಾದ ಕಮಿಷನರ ಆಳ್ವಿಕೆ ಮುಗಿದು ರಾಜ್ಯ ಹಿಂದಕ್ಕೆ ಬಂದದ್ದು ೧೮೮೧ರ ಮಾರ್ಚಿನಲ್ಲಿ, ಐವತ್ತು ವರ್ಷಗಳ ಮೇಲೆ. ಮೈಸೂರಿನಲ್ಲಿ ಒಂದು ತಾತ್ಕಾಲಿಕ ಅಧ್ಯಾಯ ಮುಗಿದ ಮರುವರ್ಷವೇ ಈಜಿಪ್ತದಲ್ಲಿ ಇನ್ನೊಂದು ಆರಂಭವಾಯಿತು. ದಂಗೆ, ಬೊಕ್ಕಸ, ಹಸ್ತಕ್ಷೇಪ ಈ ಮೂರರ ಸಂಬಂಧ ಎರಡು ಕಡೆಗೂ ಒಂದೇ.

೬

ಈಜಿಪ್ತದ ಮುಂದಿನ ಕಥೆ ಚಿಕ್ಕದು. ೧೯೧೪ರಲ್ಲಿ ರಕ್ಷಿತ ರಾಜ್ಯವೆಂಬ ಹೆಸರು. ೧೯೧೯ರಲ್ಲಿ ದೇಶವ್ಯಾಪಿ ದಂಗೆ. ೧೯೨೨ರಲ್ಲಿ ಷರತ್ತುಗಳಿಂದ ಕೂಡಿದ ಸ್ವಾತಂತ್ರ್ಯ. ೧೯೩೬ರ ಒಪ್ಪಂದದಿಂದ ಸೈನ್ಯ ಕ್ರಮೇಣ ಕಾಲುವೆಯ ವಲಯಕ್ಕೆ ಸರಿಯಬೇಕೆಂಬ ನಿರ್ಣಯ. ೧೯೫೬ರ ಜೂನಿನಲ್ಲಿ ನಿರ್ಗಮನ. ಜುಲೈ ೨೬ರಂದು ನಾಸೆರನು, ಹಿಂದೆ ತೋಪುಗಳಿಗೆ ಗುರಿಯಾಗಿದ್ದ ಅಲೆಗ್ಸಾಂಡ್ರಿಯಾದಲ್ಲಿಯೇ ನಿಂತು, ಕಾಲುವೆಯ ಕಂಪನಿಯನ್ನು ರಾಷ್ಟ್ರೀಕರಿಸಿರುವುದಾಗಿ ಸಾರಿದನು. ಅಕ್ಟೋಬರ್ ಕೊನೆಯಲ್ಲಿ ಇಸ್ರೇಲ್ ಯುದ್ಧ ಹೂಡಿತು. ಕಾದಾಡುವವರನ್ನು ಬಿಡಿಸುವ ನೆವದಿಂದ ಬ್ರಿಟನ್ನೂ ಫ್ರಾನ್ಸೂ ಮತ್ತೆ ಬಂದಿಳಿದವು. ಆ ಜಗಳವನ್ನು ಮೂವರೂ ಮೊದಲೇ ಕೂಡಿ ಗೊತ್ತುಮಾಡಿಕೊಂಡಿದ್ದರೆಂಬುದು ಅನಂತರ ಸಿದ್ಧವಾಗಿದೆ. ಆದರೆ ಕಾಲ ಬದಲಾಗಿತ್ತು. ಅಮೇರಿಕ, ರಷ್ಯ ಮತ್ತು ವಿಶ್ವಸಂಸ್ಥೆಯ ಒತ್ತಡಕ್ಕೆ ಮಣಿದು ಡಿಸೆಂಬರ್ ಮುಗಿಯುವ ಮುನ್ನ ಅವರು ಹಿಂದಿರುಗಬೇಕಾಯಿತು.

ಅವರ ಸ್ಥಾನದಲ್ಲಿ ಬಂದ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಸೈನಿಕರಿದ್ದರು. ಎಪ್ಪತ್ತನಾಲ್ಕು ವರ್ಷಗಳ ಹಿಂದೆ ಅನ್ಯರ ಅಪ್ಪಣೆಯಿಂದ, ಅನ್ಯರ ಸಾಲಕ್ಕಾಗಿ ಆ ಮರಳಿನಲ್ಲಿ ಕಾದಿದವರ ನಾಡಿನವರು ಈ ಸಲ ಈಜಿಪ್ತದ ಒಪ್ಪಿಗೆ ಪಡೆದು ಶಾಂತಿಪಾಲಕರಾಗಿ ಬಂದರು. ಒಪ್ಪಿಗೆಗೂ ಅದರದೇ ಆದ ಬೆಲೆಯುಂಟು. ೧೯೬೭ರ ಮೇ ತಿಂಗಳಲ್ಲಿ ಈಜಿಪ್ತವು ಒಪ್ಪಿಗೆಯನ್ನು ಹಿಂತೆಗೆದುಕೊಂಡಿತು, ಪಡೆ ಹೊರಡತೊಡಗಿತು, ಜೂನಿನಲ್ಲಿ ಯುದ್ಧ ಬಂದಿತು. ಕರೆದವರು ಕಳಿಸಿದಾಗ ಹೋಗುವ ಪಡೆ ಯುದ್ಧವನ್ನು ತಡೆಯಲಾರದು. ಆದರೆ ಅದು ಒಡೆಯನಾಗಿ ಕೂಡಲೂ ಆರದು.

ಹಾಗಾದರೆ ಈಜಿಪ್ತದ ಅನುಭವದಿಂದ, ಯಾವ ರಾಷ್ಟ್ರವೂ ಎಂದಿಗೂ ಇನ್ನೊಂದರ ಕ್ಷೋಭೆಯಲ್ಲಿ ಕೈಹಾಕಕೂಡದೆಂಬ ನಿಯಮ ಸಿದ್ಧಿಸುವುದೇ? ಸಿದ್ಧಿಸದು. ೧೯೯೪ರ ಏಪ್ರಿಲಿನಲ್ಲಿ ರುವಾಂಡದಲ್ಲಿ ಟುಟ್ಸಿ ಜನರ ಕಗ್ಗೊಲೆ ನಡೆದಿರುವಾಗಲೇ ಭದ್ರತಾ ಮಂಡಲಿಯು ಅಲ್ಲಿದ್ದ ತನ್ನ ಪಡೆಯನ್ನು ೨೭೦ ಜನರಿಗೆ ಇಳಿಸಲು ನಿರ್ಣಯಿಸಿತು; ಕೆಲವೇ ತಿಂಗಳಲ್ಲಿ ಲಕ್ಷಾಂತರ ಜನ ಹತರಾದರು. ಅಲ್ಲಿ ಪಾಪವಾದದ್ದು ಹಸ್ತಕ್ಷೇಪವಲ್ಲ, ಕೈಚೆಲ್ಲಿದ್ದು. ೧೯೭೧ರಲ್ಲಿ ಪೂರ್ವ ಬಂಗಾಲದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದಾಗ, ಅದು ಪಾಕಿಸ್ತಾನದ ಒಳಗಿನ ವಿಚಾರವೆಂದು ಸುಮ್ಮನಿರುವುದು ಭಾರತಕ್ಕೆ ಸಾಧ್ಯವಿರಲಿಲ್ಲ. ಭಾರತಕ್ಕೂ ಅಲ್ಲಿ ತನ್ನದೇ ಆದ ಹಿತಾಸಕ್ತಿಯಿತ್ತೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ೧೯೭೦ರ ಚುನಾವಣೆಯಲ್ಲಿ ಆ ಜನ ತಮ್ಮ ಪ್ರತಿನಿಧಿಗಳನ್ನು ಆರಿಸಿಯಾಗಿತ್ತು. ಆಡಳಿತವನ್ನು ಒಪ್ಪಿಸಲು ಕೈಗಳಿದ್ದವು. ಡಿಸೆಂಬರ್ ೧೬ರಂದು ಯುದ್ಧ ಮುಗಿಯಿತು. ೧೯೭೨ರ ಮಾರ್ಚಿನೊಳಗೆ ಭಾರತದ ಸೈನ್ಯ ಹಿಂದಿರುಗಿತು. ಹದಿನೈದು ವರ್ಷಗಳ ತರುವಾಯ ಅದೇ ಭಾರತ ೧೯೮೭ರ ಜುಲೈ ಒಪ್ಪಂದದಂತೆ ಶ್ರೀಲಂಕೆಗೆ ಸೈನ್ಯ ಕಳುಹಿಸಿತು. ಅಲ್ಲಿಯ ಸರಕಾರದ ಸಹಿ ಇತ್ತು. ಜನರ ಸಮ್ಮತಿ ಇರಲಿಲ್ಲ. ಯಾರ ರಕ್ಷಣೆಗೆಂದು ಹೋದರೋ ಅವರ ನಡುವಿನ ಶಸ್ತ್ರಧಾರಿಗಳೊಡನೆಯೇ ಕಾದಬೇಕಾಯಿತು. ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡು ೧೯೯೦ರ ಮಾರ್ಚಿನಲ್ಲಿ ಅದು ಮರಳಿತು. ಸದುದ್ದೇಶ ಎರಡು ಕಡೆಗೂ ಇದ್ದಿತೆಂದೇ ಇಟ್ಟುಕೊಂಡರೂ, ಸದುದ್ದೇಶದಿಂದ ಫಲ ನಿರ್ಣಯವಾಗಲಿಲ್ಲ.

ಆದುದರಿಂದ ಹಸ್ತಕ್ಷೇಪದ ಯುಕ್ತಾಯುಕ್ತತೆಯನ್ನು ಅಳೆಯಲು ಘೋಷಣೆಗಳನ್ನು ಬದಿಗಿಟ್ಟು ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತ. ಶಮನಗೊಳಿಸಲು ಹೊರಟ ಕ್ಷೋಭೆಯ ಕಾರಣಗಳಲ್ಲಿ ಹೊರಟವನ ಪಾಲೆಷ್ಟು? ಅವನನ್ನು ಕರೆದವರು ಆ ನಾಡಿನ ಜನರೋ, ಅಥವಾ ಜನರ ವಿಶ್ವಾಸವನ್ನು ಕಳೆದುಕೊಂಡು ಪೀಠಕ್ಕೆ ಜೋತುಬಿದ್ದವನೋ? ಅವನು ಹೊರಡುವ ದಿನವನ್ನು ಗೊತ್ತುಮಾಡುವ ಅಧಿಕಾರ ಯಾರ ಕೈಯಲ್ಲಿದೆ? ಮೂರರಲ್ಲಿ ಕೊನೆಯದೇ ಮುಖ್ಯ. ೧೮೮೨ರಲ್ಲಿ ಈ ಮೂರಕ್ಕೂ ದೊರೆಯುವ ಉತ್ತರ ಒಂದೇ ಕಡೆಗೆ ಬೆರಳು ತೋರಿಸುತ್ತದೆ: ಸಾಲಕೊಟ್ಟವನೇ ಫಿರ್ಯಾದಿ, ಅವನೇ ನ್ಯಾಯಾಧೀಶ, ಅವನೇ ಜಪ್ತಿದಾರ, ಜಪ್ತಿ ಎಂದು ಮುಗಿಯಿತೆಂದು ಹೇಳಬೇಕಾದವನೂ ಅವನೇ.

ತೆಲ್-ಎಲ್-ಕಬೀರಿನ ಅನಂತರ ಉರಾಬಿಗೆ ವಿಧಿಸಿದ ಮರಣದಂಡನೆಯನ್ನು ದೇಶಭ್ರಷ್ಟತೆಗೆ ಇಳಿಸಲಾಯಿತು. ಅವನ ಪರವಾಗಿ ವಕೀಲರನ್ನು ಗೊತ್ತುಮಾಡಿ ಹೋರಾಡಿದವನು ವಿಲ್ಫ್ರಿಡ್ ಬ್ಲಂಟ್ ಎಂಬ ಇಂಗ್ಲಿಷರವನೇ; ಸ್ವದೇಶದ ನೀತಿ ತಪ್ಪೆಂದು ಹೇಳುವವರು ಇಂಗ್ಲಂಡಿನಲ್ಲಿಯೂ ಇದ್ದರೆಂಬುದನ್ನು ಮರೆಯಬಾರದು. ಸಿಂಹಳದ್ವೀಪದಲ್ಲಿ ಹತ್ತೊಂಬತ್ತು ವರ್ಷ ಕಳೆದು ೧೯೦೧ರಲ್ಲಿ ಉರಾಬಿಯು ತಾಯ್ನಾಡಿಗೆ ಮರಳಿದನು; ೧೯೧೧ರಲ್ಲಿ ತೀರಿಕೊಂಡನು. ಅವನು ಹಿಂದಿರುಗಿದಾಗಲೂ ತಾತ್ಕಾಲಿಕವಾಗಿ ಬಂದ ಸೈನ್ಯ ಕೈರೋದಲ್ಲಿಯೇ ಇತ್ತು. ಅವನು ಸತ್ತಾಗಲೂ ಇತ್ತು. ಆ ಸೈನ್ಯ ಹೊರಡಲು ಇನ್ನೂ ನಾಲ್ವತ್ತೈದು ವರ್ಷ ಬೇಕಾಗಿತ್ತು.